ಜೋಡಿ ಫೋಟೊ ಮಾಡಲು ಹೋಗಿ

ಕೆಲಸದಿಂದ ನಿವೃತ್ತನಾದ ಗಂಡಸು ಎರಡರಲ್ಲಿ ಒಂದಾಗುತ್ತಾನೆ ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಒಂದೋ ಅಡುಗೆಮನೆಗೆ ಬಂದು ಸಾರಿಗೆ ಎಷ್ಟು ಉಪ್ಪು ಹಾಕಿದೆ ಎಂದು ವಿಚಾರಣೆ ಶುರುಮಾಡುತ್ತಾನೆ, ಇಲ್ಲವೇ ಮನೆಯಲ್ಲಿ ನೆಟ್ಟಗೆ ನಡೆಯುತ್ತಿರುವ ಯಾವುದಾದರೂ ವಸ್ತುವನ್ನು ಬಿಚ್ಚಿ ರಿಪೇರಿಗೆ ಕೂರುತ್ತಾನೆ. ನಾನು ಎರಡೂ ಆಗಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ವಿದ್ಯೆ ಕಲಿಯಲು ಹೊರಟೆ. ಕಲಿತೆ ಎಂದು ಬರೆಯಲು ಕೈ ಬರುತ್ತಿಲ್ಲ, ಹೊರಟೆ ಎನ್ನುವುದಷ್ಟೇ ನಿಜ. ಏಳು ತಿಂಗಳಾದ ಮೇಲೆ ತಿರುಗಿ ನೋಡಿದರೆ ದಾರಿಯುದ್ದಕ್ಕೂ ನಾನು ಕೆಡಿಸಿದ ಮುಖಗಳೇ ಬಿದ್ದಿವೆ, ಅದರಲ್ಲಿ ಹೆಚ್ಚಿನವು ನನ್ನ ಸ್ವಂತ ಅಪ್ಪನವು. ಇದನ್ನೆಲ್ಲ ನಗುನಗುತ್ತಾ ಹೇಳಬೇಕೆಂದು ಕೂತಿದ್ದೇನೆ. ಎಷ್ಟರಮಟ್ಟಿಗೆ ಆಗುತ್ತದೋ ಗೊತ್ತಿಲ್ಲ.

ನಾನು ಡ್ರಾಯಿಂಗ್ ಮೇಷ್ಟ್ರು. ಅಜ್ಜಂಪುರದ ಮನೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೂದಾನಿ, ಕೊಡೆ, ಅರ್ಧ ಕುಯ್ದ ಪಪ್ಪಾಯಿ ಬರೆಯಿಸಿದವನು. ನನ್ನ ಪಾಠದಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು. ರಬ್ಬರ್ ಮುಟ್ಟಕೂಡದು. "ಗೆರೆ ಎಳೆಯೋಕೆ ಮುಂಚೆ ಯೋಚನೆ ಮಾಡ್ಬೇಕು, ಎಳೆದ ಮೇಲೆ ಅನುಭವಿಸ್ಬೇಕು. ರಬ್ಬರ್ ಮುಟ್ಟಿದೋರ ಕೈ ಮುರೀತೀನಿ" ಎಂದು ವರ್ಷಕ್ಕೊಂದು ಸಲವಾದರೂ ಗುಡುಗುತ್ತಿದ್ದೆ. ಯಾರ ಕೈಯನ್ನೂ ಮುರಿಯಲಿಲ್ಲ, ಆದರೆ ಬೆರಳ ಗೆಣ್ಣಿಗೆ ಸ್ಕೇಲಿನ ಅಂಚಿನಿಂದ ಕೊಟ್ಟದ್ದುಂಟು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ: ನಿಮ್ಮ ಶಾಪ ಸರಿಯಾಗಿಯೇ ತಟ್ಟಿದೆ, ಇನ್ನು ಸಾಕು, ನಿಲ್ಲಿಸಿ.

ಇದಕ್ಕೆಲ್ಲ ಮೂಲ ನನ್ನ ಅವ್ವ. ಅವಳಿಗೀಗ ಎಂಬತ್ತೆರಡು. ನಮ್ಮ ಜೊತೆಯಲ್ಲೇ ಇದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ, ನನಗೆ ಬರುವ ಬೆನ್ನುನೋವಿನ ಕಾಲುಭಾಗವೂ ಅವಳಿಗಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯವರು ತೀರಿಕೊಂಡಿದ್ದ ತಮ್ಮ ತಂದೆತಾಯಿಯರ ಜೋಡಿ ಫೋಟೊ ಮಾಡಿಸಿ ನಡುಮನೆಯಲ್ಲಿ ಹಾಕಿದರು. ಇಬ್ಬರದೂ ಬೇರೆಬೇರೆ ಫೋಟೊ, ಸ್ಟುಡಿಯೊದವರು ಒಂದುಮಾಡಿ ಅಕ್ಕಪಕ್ಕ ಕೂರಿಸಿದ್ದರು. ಅವ್ವ ನೋಡಿಕೊಂಡು ಬಂದವಳು ಮೊರದಲ್ಲಿದ್ದ ರಾಗಿ ಕೇರುವುದನ್ನು ಅರ್ಧಕ್ಕೇ ಬಿಟ್ಟು, "ನಾನೂ ನಿಮ್ಮಪ್ಪನೂ ಒಂದೇ ಒಂದ್ ಫೋಟೊದಲ್ಲಿ ಜೊತೆಗಿಲ್ಲ ಕಣೋ" ಎಂದಳು. ಹೌದಲ್ಲವೇ ಎಂದುಕೊಂಡೆ. ಅವಳ ಮದುವೆಗೆ ಫೋಟೊದವನು ಬಂದಿರಲಿಲ್ಲ. ಆಮೇಲೆ ಅಂಥ ಸಂದರ್ಭ ಒದಗಲಿಲ್ಲ. "ನೀನು ಚಿತ್ರದ್ ಮೇಷ್ಟ್ರಲ್ವಾ, ನನ್ ಕಣ್ಣು ಕಾಣೋದ್ರೊಳಗೆ ಒಂದ್ ಜೋಡಿ ಫೋಟೊ ಮಾಡ್ಕೊಡೋ" ಎಂದಳು. ಅವ್ವ ಜೀವಮಾನದಲ್ಲಿ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ಅಪ್ಪನದು ಇದ್ದದ್ದೇ ಒಂದು ಫೋಟೊ. ಅವನು ಎಮ್ಮೆದೊಡ್ಡಿ ಕಾವಲಿನಲ್ಲಿ, ಅಂದರೆ ಸರ್ಕಾರದ ಹುಲ್ಲುಗಾವಲಿನಲ್ಲಿ, ಅಮೃತಮಹಲ್ ದನಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಆಗ ಕೊಟ್ಟಿದ್ದ ಗುರುತಿನ ಕಾರ್ಡಿನ ಮೇಲೆ ಹೆಬ್ಬೆರಳುಗುರಿನಷ್ಟು ಅಗಲದ ಕಪ್ಪುಬಿಳುಪಿನ ಮುಖ, ನಲವತ್ತರ ಆಸುಪಾಸಿನದು. ಎಡಗೆನ್ನೆಯಿಂದ ಭುಜದವರೆಗೆ ಕಚೇರಿಯ ಗುಂಡು ಮೊಹರು. ಮುಖದ ಮೇಲೆ ಏನೋ ಗಾಬರಿ. ಫೋಟೊ ತೆಗೆಯುವ ಹೊತ್ತಿಗೆ ಹೊರಗೆ ಕಟ್ಟಿದ್ದ ಹೋರಿ ಹಗ್ಗ ಕಿತ್ತುಕೊಂಡಿತ್ತಂತೆ, ಅವನ ಕಣ್ಣು ಕಿಟಕಿಯ ಕಡೆಗೇ ಇದೆ. ಅದಾದ ಕೆಲವೇ ವರ್ಷಕ್ಕೆ ಅಪ್ಪ ಹೋದ. ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಆ ಕಾರ್ಡನ್ನೇ ಚೊಂಬಿಗೆ ಒರಗಿಸಿ, ಮುಂದೆ ಎಲೆ ಹಾಕಿ, ಅವನಿಗಿಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತಿದ್ದೆವು. ಸೇವಂತಿಗೆ ಹೂವೊಂದನ್ನು ಇಟ್ಟರೆ ಅಪ್ಪ ಪೂರ್ತಿ ಮುಚ್ಚಿಹೋಗುತ್ತಿದ್ದ.

ಮೊದಲು ನಾನು ಸುಲಭದ ದಾರಿಯನ್ನೇ ನೋಡಿದೆ. ಕಾರ್ಡು ಮುಂದಿಟ್ಟುಕೊಂಡು, ಅವ್ವನನ್ನು ಎದುರಿಗೆ ಕೂರಿಸಿಕೊಂಡು, ದೊಡ್ಡ ಹಾಳೆಯಲ್ಲಿ ಇಬ್ಬರನ್ನೂ ಪೆನ್ಸಿಲಿನಲ್ಲಿ ಬರೆದೆ. ನನ್ನ ಬಾಯಲ್ಲಿ ನಾನೇ ಹೇಳಬಾರದು, ಚೆನ್ನಾಗಿಯೇ ಬಂದಿತ್ತು. ಅವ್ವ ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿ, "ಚೆಂದಾಗೈತೆ. ಆದ್ರೆ ಇದು ನೀನ್ ಬರೆದಿದ್ದಲ್ವಾ? ಬರೆದಿದ್ದನ್ನ ಯಾರ್ ಬೇಕಾದ್ರೂ ಹೆಂಗ್ ಬೇಕಾದ್ರೂ ಬರೀಬೋದು. ಫೋಟೊ ಅಂದ್ರೆ ನಿಜ. ನಂಗೆ ಫೋಟೊನೇ ಬೇಕು" ಎಂದಳು. ಮೂವತ್ತನಾಲ್ಕು ವರ್ಷದ ನನ್ನ ಕಸುಬಿಗೆ ಇಷ್ಟು ಚಿಕ್ಕದಾದ, ಇಷ್ಟು ಪ್ರೀತಿಯ ಛೀಮಾರಿ ಎಂದೂ ಬಿದ್ದಿರಲಿಲ್ಲ. ಹಾಳೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಮಂಜುಳ ಎಂಬ ನನ್ನ ಹಳೇ ವಿದ್ಯಾರ್ಥಿನಿ ಫೋಟೊ ಮತ್ತು ಫ್ಲೆಕ್ಸಿನ ಅಂಗಡಿ ಇಟ್ಟಿದ್ದಾಳೆ. ಅವಳು ಎಂಟನೇ ಕ್ಲಾಸಿನಲ್ಲಿ ಬರೆದಿದ್ದ ನವಿಲನ್ನು ಎತ್ತಿ ತೋರಿಸಿ, ಈ ಕೋಳಿ ಯಾರದಮ್ಮಾ ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದ್ದವನು ನಾನು. ಈಗ ಊರಿನ ಅರ್ಧ ಮದುವೆ, ಮುಕ್ಕಾಲು ಸಾವುಗಳ ಬ್ಯಾನರು ಅವಳ ಕೈಯಿಂದಲೇ ಹೊರಡುತ್ತವೆ. ಹೋಗಿ ವಿಷಯ ಹೇಳಿದೆ. "ಬಿಟ್ಟೋಗಿ ಸರ್, ಅರ್ಧ ಗಂಟೆ ಕೆಲಸ, ನಾನ್ ಮಾಡ್ಕೊಡ್ತೀನಿ" ಎಂದಳು. ಬಿಟ್ಟುಬರಬೇಕಿತ್ತು. ಆವತ್ತು ಬಿಟ್ಟುಬಂದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನ್ನ ಮಾನವೂ ಹೋಗುತ್ತಿರಲಿಲ್ಲ. ಆದರೆ ಡ್ರಾಯಿಂಗ್ ಮೇಷ್ಟ್ರ ಅಪ್ಪನನ್ನು ನವಿಲು ಬರೆಯಲು ಬಾರದವಳು ತಿದ್ದುವುದೇ ಎಂಬ ಜಂಭ ಅಡ್ಡ ಬಂತು. "ನಂಗೆ ಕಲಿಸ್ಕೊಡಮ್ಮ, ನಾನೇ ಮಾಡ್ತೀನಿ" ಎಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ಸರೋಜ, "ಕೆಲ್ಸ ಇಲ್ದಿರೋ ಬಡಗಿ ಮಗುವಿನ ಅಂಡು ಕೆತ್ತಿದ್ನಂತೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೊದಲ ಪಾಠಕ್ಕೂ ಮುಂಚೆಯೇ ಮೊದಲ ಅನಾಹುತವಾಯಿತು. ಕಾರ್ಡಿನ ಫೋಟೊವನ್ನು ನನ್ನ ಫೋನಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಸ್ವಲ್ಪ ಮಸುಕಾಗಿದೆ, ಕಾರ್ಡನ್ನೇ ತಂದರೆ ಸ್ಕ್ಯಾನ್ ಮಾಡಬಹುದು ಎಂದಳು ಮಂಜುಳ. ಕಾರ್ಡು ಸೊಟ್ಟಗೆ ಬಾಗಿತ್ತು. ಫೋಟೊವನ್ನು ಬಿಡಿಸಿಕೊಂಡೇ ಹೋದರೆ ಇನ್ನೂ ಚೊಕ್ಕಟವಾಗಿ ಬರುತ್ತದೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಅಂಟಿಸಿದ ಹಾಳೆಯನ್ನು ಬಿಡಿಸುವುದು ನಮ್ಮ ಕಸುಬಿನಲ್ಲಿ ದಿನದ ಕೆಲಸ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಮೈದಾ ಅಂಟು ತಾನೇ ಬಿಡುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಕಾರ್ಡನ್ನು ಬಿಟ್ಟೆ. ಅಂಟು ಬಿಡಲಿಲ್ಲ, ಅಪ್ಪ ಬಿಟ್ಟ. ಕಾದ ಹಾಲಿನ ಮೇಲಿನ ಕೆನೆಯ ಹಾಗೆ ಮುಖ ಎದ್ದು ಬಂದು, ಸುಕ್ಕಾಗಿ, ನಾನು ಬೆರಳು ಇಡುವಷ್ಟರಲ್ಲಿ ಹರಿದು ನೀರಿನಲ್ಲಿ ಕಲೆಸಿಹೋಯಿತು. ನಲವತ್ತು ವರ್ಷಕ್ಕೂ ಮಿಕ್ಕಿ ಅವ್ವ ಟ್ರಂಕಿನಲ್ಲಿ ಕಾಪಾಡಿಕೊಂಡು ಬಂದಿದ್ದನ್ನು ನಾನು ಹತ್ತು ನಿಮಿಷದಲ್ಲಿ ತೊಳೆದು ಮುಗಿಸಿದ್ದೆ. ತಟ್ಟೆಯನ್ನು ಬಚ್ಚಲಿಗೆ ಒಯ್ದೆ. ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಇಟ್ಟುಕೊಂಡು ಮಾಡುವುದೂ ಏನಿರಲಿಲ್ಲ. ಕೊನೆಗೆ ಕನಕಾಂಬರದ ಬುಡಕ್ಕೆ ಹಾಕಿದೆ. ಕಾರ್ಡು ಎಲ್ಲಿ ಎಂದು ಅವ್ವ ಕೇಳಿದಾಗ ತರೀಕೆರೆ ಅಂಗಡಿಯಲ್ಲಿದೆ ಎಂದು ಸುಳ್ಳು ಹೇಳಿದೆ. ಇನ್ನು ನನ್ನ ಫೋನಿನಲ್ಲಿದ್ದ ಆ ಮಸುಕು ಚಿತ್ರವೇ ಅಪ್ಪ.

ಹಾಗಾಗಿ ಕಲಿಯುವುದು ಈಗ ಜಂಭದ ಮಾತಾಗಿ ಉಳಿಯಲಿಲ್ಲ, ಪ್ರಾಯಶ್ಚಿತ್ತವಾಯಿತು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಮಂಜುಳನ ಅಂಗಡಿಗೆ ಹೋಗಿ, ಹಳೆಯ ಫ್ಲೆಕ್ಸಿನ ಸುರುಳಿಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಭ್ಯಾಸಕ್ಕೆಂದು ಮನೆಗೂ ಒಂದು ಹಳೇ ಕಂಪ್ಯೂಟರು ತಂದಿಟ್ಟುಕೊಂಡೆ. ಮೌಸ್ ಎಂಬುದನ್ನು ಹಿಡಿದಾಗಲೇ ತಿಳಿಯಿತು, ಚಿತ್ರ ಬರೆಯುವ ಕೈಗೂ ಇದಕ್ಕೂ ಸಂಬಂಧವಿಲ್ಲ. ಕೈ ಇಲ್ಲಿ ಮೇಜಿನ ಮೇಲೆ, ಗೆರೆ ಅಲ್ಲೆಲ್ಲೋ ಗಾಜಿನೊಳಗೆ. "ಲೇಯರ್ ಅಂದ್ರೆ ಗಾಜಿನ ಹಾಳೆ ಇದ್ದಂಗೆ ಸರ್. ಒಂದರ ಮೇಲೆ ಅಪ್ಪ, ಇನ್ನೊಂದರ ಮೇಲೆ ಅವ್ವ. ಒಬ್ರನ್ನ ತಿದ್ದಿದ್ರೆ ಇನ್ನೊಬ್ರಿಗೆ ಏನೂ ಆಗಲ್ಲ" ಎಂದು ಅವಳು ವಿವರಿಸುತ್ತಿದ್ದಳು. ನಾನು ಅಪ್ಪನನ್ನು ತಿದ್ದುತ್ತಿದ್ದೇನೆಂದು ಅರ್ಧ ಗಂಟೆ ಅವ್ವನ ಕಿವಿ ಒರೆಸಿರುತ್ತಿದ್ದೆ. ಚೆನ್ನಾಗಿರುವ ಕಡೆಯಿಂದ ಚರ್ಮ ತೆಗೆದು ಕೆಟ್ಟಿರುವ ಕಡೆಗೆ ಮೆತ್ತುವ ಉಪಕರಣವೊಂದಿದೆ. ಅದರಿಂದ ಕೆನ್ನೆಯ ಮೇಲಿನ ಮೊಹರನ್ನು ಅಳಿಸಲು ಹೋಗಿ ಬಲಗಡೆಯ ಅರ್ಧ ಮೀಸೆಯನ್ನೂ ಕಿತ್ತು ತಂದು ಕಣ್ಣಿನ ಕೆಳಗೆ ನೆಟ್ಟೆ. ತಪ್ಪಾದಾಗಲೆಲ್ಲ ಮಂಜುಳ, "ಕಂಟ್ರೋಲ್ ಝಡ್ ಒತ್ತಿ ಸರ್, ಹಿಂದಕ್ಕೆ ಹೋಗುತ್ತೆ. ಎಷ್ಟು ಸಲ ಬೇಕಾದ್ರೂ ಅಳಿಸ್ಬೋದು, ಇಲ್ಲಿ ಯಾರೂ ಕೈ ಮುರಿಯಲ್ಲ" ಎನ್ನುತ್ತಿದ್ದಳು. ಹೇಳುವಾಗ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಮೊಹರು ಹೋದದ್ದು ಆರನೆಯ ವಾರಕ್ಕೆ. ಅದು ಹೋಗುವಷ್ಟರಲ್ಲಿ ಕೆನ್ನೆಯೂ ಸ್ವಲ್ಪ ಹೋಗಿತ್ತು. ಆಮೇಲೆ ಬಣ್ಣ. ಅವ್ವನದು ಬಣ್ಣದ ಫೋಟೊ ಆದ್ದರಿಂದ ಅಪ್ಪನಿಗೂ ಬಣ್ಣ ಹಾಕಬೇಕು. ಅವನ ಮೈಬಣ್ಣ ಯಾವುದು? ಅವ್ವನನ್ನು ಕೇಳಿದರೆ, "ಕೆಂಪಗೆ, ದಾಳಿಂಬೆ ಹಂಗಿದ್ರು ಕಣೋ" ಎಂದಳು. ಯಗಟಿಗೆ ಮದುವೆಮಾಡಿ ಕೊಟ್ಟಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. "ಯಾವ್ ಕೆಂಪು? ಕಾವಲಲ್ಲಿ ಬಿಸಿಲು ಕಾದು ಕಾದು ಕರ್ರಗಾಗಿದ್ದ. ಅವ್ವಂಗೆ ಏನ್ ನೆನಪೈತೆ ಬಿಡು" ಎಂದಳು. ನಾನು ನಡುವಿನದೊಂದು ಬಣ್ಣ ಹಾಕಿದೆ, ಅಪ್ಪ ಕಾಮಾಲೆಯವನಾದ. ಹಿಂದಿನ ದೃಶ್ಯಕ್ಕೆಂದು ಮಂಜುಳ ಕೆಮ್ಮಣ್ಣುಗುಂಡಿಯ ಗುಲಾಬಿ ತೋಟ ತೋರಿಸಿದಳು. "ಬ್ಯಾಡಪ್ಪ, ಅಲ್ಲಿ ಚಳಿ, ಅವರಿಗೆ ಕೆಮ್ಮು" ಎಂದಳು ಅವ್ವ. ಕಾವಲಿನ ದನಗಳನ್ನೇ ಹಿಂದೆ ನಿಲ್ಲಿಸಿದೆ. ಅಮೃತಮಹಲ್ ದನದ ಕೊಂಬು ಎಷ್ಟು ಉದ್ದ, ಎಷ್ಟು ಚೂಪು ಎಂಬುದು ಅದರ ಸುತ್ತ ಮೌಸಿನಿಂದ ಕತ್ತರಿಸಿದವನಿಗೇ ಗೊತ್ತು. ಒಂದು ಹೋರಿ ಸರಿಯಾಗಿ ಅಪ್ಪನ ತಲೆಯ ಹಿಂದೆ ನಿಂತು ಅವನಿಗೆ ಎರಡು ಕೊಂಬು ಮೂಡಿಸಿತು. ದನಗಳನ್ನು ಓಡಿಸಿ, ಸುಮ್ಮನೆ ತೆಳುನೀಲಿಯ ಗೋಡೆಯೊಂದನ್ನು ಹಾಕಿ ಕೈತೊಳೆದುಕೊಂಡೆ.

ಅವ್ವನ ಫೋಟೊ ತೆಗೆದದ್ದು ನಮ್ಮ ಜಗಲಿಯಲ್ಲಿ. ಕೈಮಗ್ಗದ ಹಸುರು ಸೀರೆ ಉಟ್ಟು, ಕೂದಲಿಗೆ ನೀರು ಹಚ್ಚಿ ತುರುಬು ಕಟ್ಟಿಕೊಂಡು ಬಂದು ಕೂತಳು. ಹದಿನೈದು ಸಲ ತೆಗೆದರೂ ಕ್ಲಿಕ್ಕಿಸುವ ಕ್ಷಣಕ್ಕೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಹದಿನಾರನೆಯದರಲ್ಲಿ ತೆರೆದಳು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ಅದ್ರಲ್ಲಿ ನನ್ ಹಣೆಗೆ ಕುಂಕುಮ ಇಡೋಕಾಗ್ತದೇನೋ? ಅವರ ಪಕ್ಕ ಬೋಳು ಹಣೇಲಿ ಹೆಂಗ್ ಕೂರ್ಲಿ" ಎಂದಳು. ಆಗುತ್ತೆ ಅವ್ವಾ ಎಂದೆ. ಅಪ್ಪ ಹೋದಾಗ ನನಗೆ ಹದಿನೆಂಟು. ಅವಳ ಹಣೆ ಒರೆಸಿದ ದಿನ ನಾನು ಹಿತ್ತಿಲಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಈಗ ಮಂಜುಳನ ಅಂಗಡಿಯಲ್ಲಿ ಕೂತು, ಕೆಂಪು ಬಣ್ಣ ಆರಿಸಿ, ಅವಳ ಹಣೆಯ ನಡುವೆ ಒಂದು ಬೊಟ್ಟು ಇಟ್ಟೆ. ಅದು ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಒಂದು ರೂಪಾಯಿಯಷ್ಟಗಲವಾಯಿತು. ಮಂಜುಳ ಈ ಸಲ ಕಂಟ್ರೋಲ್ ಝಡ್ ಎನ್ನದೆ ಎದ್ದುಹೋಗಿ ಗಿರಾಕಿಯೊಬ್ಬರನ್ನು ವಿಚಾರಿಸತೊಡಗಿದಳು. ಏಳನೆಯದೋ ಎಂಟನೆಯದೋ ಸರಿಯಾಗಿ ಕೂತಿತು. ಈ ಏಳು ತಿಂಗಳಲ್ಲಿ ನಾನು ಮಾಡಿದ ಒಂದು ಕೆಲಸಕ್ಕೆ ಬೆಲೆ ಇದ್ದರೆ ಅದು ಆ ಬೊಟ್ಟಿಗೆ ಮಾತ್ರ.

ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಪ್ರಿಂಟು ತೆಗೆದು, ಮನೆಗೆ ತಂದೆ. ಅವ್ವ ಬೆಳಕಿಗೆ ಹಿಡಿದು ನೋಡಿದಳು. "ಇದೇನೋ, ನಾನು ಅವರನ್ನ ಹೆತ್ತೋಳಂಗೆ ಕಾಣ್ತೀನಲ್ಲೋ!" ಎಂದಳು. ನಿಜವೇ. ಅವನು ನಲವತ್ತು, ಅವಳು ಎಂಬತ್ತೆರಡು. ಇದು ಮೊದಲೇ ಹೊಳೆಯದ ನನ್ನಂಥವನು ಮೂವತ್ತನಾಲ್ಕು ವರ್ಷ ಸರ್ಕಾರದ ಸಂಬಳ ಹೇಗೆ ತಿಂದೆನೋ. ವಾಪಸ್ಸು ಹೋಗಿ ಅವ್ವನ ವಯಸ್ಸು ಇಳಿಸತೊಡಗಿದೆ. ಅದಕ್ಕೆ ಒಂದು ಗುಂಡಿಯೇ ಇದೆ, ಎಳೆದಷ್ಟೂ ಸುಕ್ಕು ಮಾಯ. ಎಳೆಯುತ್ತಾ ಹೋದೆ. ಕೂದಲು ಕಪ್ಪಾಯಿತು, ಕೆನ್ನೆ ತುಂಬಿತು, ಕಣ್ಣು ದೊಡ್ಡದಾಯಿತು. ಬೆಳಗಾಗಿ ಪ್ರಿಂಟು ಕೈಗೆ ಕೊಟ್ಟಾಗ ಅವ್ವ ಹಿಂದುಮುಂದು ನೋಡಿ, "ಯಾರೋ ಇವ್ಳು?" ಎಂದಳು. ನೀನೇ ಅವ್ವಾ ಎಂದೆ. "ನಾನಾ? ನಾನ್ ಯಾವತ್ತೋ ಹಿಂಗಿದ್ದೆ? ಬದುಕಿದ್ದಾಗ ಒಬ್ಬಳ ಕಡೆ ತಲೆಯೆತ್ತಿ ನೋಡಿದೋರಲ್ಲ ಅವರು. ಸತ್ತ ಮೇಲೆ ನೀನು ಯಾವಳನ್ನೋ ತಂದು ಪಕ್ಕದಲ್ಲಿ ಕೂರ್ಸಿದ್ದೀಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ!" ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಎಲ್ಲವನ್ನೂ ತಿರುವುಹಾಕಿ ಅಪ್ಪನ ವಯಸ್ಸು ಏರಿಸಿದೆ. ಕೂದಲು ನರೆಸಿ, ಕಣ್ಣ ಕೆಳಗೆ ಚೀಲ ಕಟ್ಟಿ, ಗಲ್ಲ ಇಳಿಬಿಟ್ಟೆ. ಸರೋಜ ನೋಡಿದವಳೇ, "ನಿಮ್ಮವ್ವನ ಪಕ್ಕ ನೀವ್ಯಾಕ್ರೀ ಕೂತಿದ್ದೀರಿ?" ಎಂದಳು.

ನನ್ನನ್ನು ನಿಜವಾಗಿ ಹೆದರಿಸಿದ್ದು ಇದೊಂದೂ ಅಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಅಪ್ಪನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದೆಲ್ಲ ನಾನು ತಿದ್ದಿದ್ದೇ. ಕಾಮಾಲೆಯ ಅಪ್ಪ, ಕೊಂಬಿನ ಅಪ್ಪ, ಕಣ್ಣ ಕೆಳಗೆ ಮೀಸೆಯ ಅಪ್ಪ. ಸೊಂಟಕ್ಕೆ ಟವೆಲು ಕಟ್ಟಿ ಕಾವಲಿನಿಂದ ಬರುತ್ತಿದ್ದವನು, ನನ್ನ ಮೊದಲ ಬಣ್ಣದ ಡಬ್ಬಿಯನ್ನು ಕಡೂರು ಸಂತೆಯಿಂದ ತಂದುಕೊಟ್ಟವನು ಎಲ್ಲೋ ಈ ಗಾಜಿನ ಹಾಳೆಗಳ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅವನವರೆಗೆ ಹಿಂದಕ್ಕೆ ಹೋಗುವ ಕೀಲಿ ಯಾವ ಮಂಜುಳನಿಗೂ ಗೊತ್ತಿರಲಿಲ್ಲ. ಬಾಯಿ ಮುಕ್ಕಳಿಸದೆ ಹಾಗೇ ಕೂತೆ.

ಕೊನೆಗೆ ಅವ್ವನೇ ರಾಜಿಗೆ ಬಂದಳು. ಅವಳ ಸುಕ್ಕು ಅರ್ಧ ಇಳಿಸಿ, ಅಪ್ಪನ ಕೂದಲು ಕಾಲುಭಾಗ ನರೆಸಿ, ಅಕ್ಕತಮ್ಮಂದಿರ ಹಾಗೆ ಕಾಣುವಷ್ಟಕ್ಕೆ ನಿಲ್ಲಿಸಿದೆ. ಇಬ್ಬರ ನಡುವೆ ಸಂದು ಜಾಸ್ತಿಯಾಯಿತು, ಹತ್ತಿರ ಕೂರಿಸು ಎಂದಳು. ಅಪ್ಪನ ಒಂದು ಭುಜವನ್ನೇ ಕತ್ತರಿಸಿ ತೆಗೆದು ಅವಳನ್ನು ಒತ್ತಿ ಕೂರಿಸಿದೆ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆವು. ಅವ್ವ ದಿನಕ್ಕೆ ನಾಲ್ಕು ಸಲ ಅದರ ಮುಂದೆ ನಿಂತು ಹೋಗುತ್ತಿದ್ದಳು. ಹನ್ನೊಂದು ದಿನ ನಾನು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಹನ್ನೆರಡನೆಯ ದಿನ ಹಿರಿಯರ ಹಬ್ಬ ಬಂತು.

ಪ್ರತಿ ವರ್ಷದಂತೆ ಅಕ್ಕ ಯಗಟಿಯಿಂದ ಬೆಳಗಿನ ಬಸ್ಸಿಗೇ ಬಂದಳು. ಹೆಗಲ ಚೀಲದ ತುಂಬ ತೆಂಗಿನಕಾಯಿ, ಕೈಯಲ್ಲಿ ಅವಳೇ ಕಟ್ಟಿದ ಸೇವಂತಿಗೆ ಹಾರ. ಕಡುಬು, ವಡೆ, ಪಾಯಸ, ಹುರುಳಿಕಾಳಿನ ಸಾರು ಎಲ್ಲವೂ ಆಯಿತು. ಎಲೆ ಹಾಸಿ, ಹೊಸ ಪಂಚೆ ಮಡಿಸಿಟ್ಟು, "ಅಪ್ಪನ ಕಾರ್ಡ್ ಕೊಡೋ, ಹೊತ್ತಾಯ್ತು" ಎಂದಳು. ಈ ವರ್ಷದಿಂದ ದೊಡ್ಡದೇ ಇದೆಯಲ್ಲಕ್ಕಾ ಎಂದು ಗೋಡೆಯಿಂದ ಜೋಡಿ ಫೋಟೊವನ್ನು ಇಳಿಸಿ ತಂದು ಎಡೆಯ ಮುಂದೆ ಇಟ್ಟೆ. ಅಕ್ಕ ಹಾರ ಎತ್ತಿದವಳು ಎತ್ತಿದ ಕೈಯಲ್ಲೇ ನಿಂತಳು. "ಲೇ, ತಲೆ ನೆಟ್ಟಗಿದೆಯೇನೋ ನಿಂಗೆ? ಅವ್ವ ಒಳಗೆ ವಡೆ ತಟ್ತಾ ಕೂತವ್ಳೆ. ಬದುಕಿರೋ ಅವ್ವಂಗೆ ಹಾರ ಹಾಕ್ಸಿ, ಎಡೆ ಇಟ್ಟು, ಕರ್ಪೂರ ಬೆಳಗ್ತೀಯಾ?"

ಏಳು ತಿಂಗಳು ಆ ಫೋಟೊವನ್ನು ಇಂಚಿಂಚೂ ತಿದ್ದಿದವನಿಗೆ ಇದು ತೋಚಿರಲಿಲ್ಲ. ಸರೋಜನಿಗೂ ತೋಚಿರಲಿಲ್ಲ, ಅವ್ವನಿಗೂ ತೋಚಿರಲಿಲ್ಲ. ಗೋಡೆಯ ಮೇಲಾದರೆ ಸರಿ, ಎಡೆಯ ಮುಂದೆ ಬದುಕಿರುವವರನ್ನು ಕೂರಿಸುವುದು ಯಾವ ಮನೆಯಲ್ಲೂ ಇಲ್ಲ. "ಹೋಗ್ಲಿ, ಕಾರ್ಡ್ ತಗೊಂಬಾ" ಎಂದಳು ಅಕ್ಕ. ಇನ್ನು ಮುಚ್ಚಿಡುವಂತಿರಲಿಲ್ಲ. ತಟ್ಟೆ, ನೀರು, ಕನಕಾಂಬರದ ಬುಡ ಎಲ್ಲವನ್ನೂ ಹೇಳಿದೆ. ಅಕ್ಕ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಹಾರವನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತು ಅಳತೊಡಗಿದಳು. "ಇದ್ದದ್ದು ಅದೊಂದೇ ಅಲ್ವೇನೋ" ಎಂದು ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಿದಳು. ಅಡುಗೆಮನೆಯಲ್ಲಿ ವಡೆ ತಟ್ಟುವ ಸದ್ದು ನಿಂತಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ವಯಸ್ಸಾದ ಮೇಲೆ ಅಕ್ಕನ ಎದುರು ನಿಂತು ಅಳುವಷ್ಟು ದೊಡ್ಡ ತಪ್ಪು ಮಾಡಿದ್ದೆ, ಅಳಲೂ ಆಗದೆ ನಿಂತಿದ್ದೆ.

ಉಳಿದದ್ದು ಒಂದೇ ದಾರಿ. ಅವ್ವನನ್ನು ತೆಗೆದು ಅಪ್ಪನನ್ನು ಮಾತ್ರ ಉಳಿಸುವುದು. ಫೋನಿನಲ್ಲಿದ್ದ ಮೂಲ ಚಿತ್ರ, ಜಾಗ ಸಾಲದೆಂದು ನಾನೇ ಅಳಿಸಿಯಾಗಿತ್ತು. ಕಂಪ್ಯೂಟರು ತೆರೆದೆ. ಇಬ್ಬರೂ ಬೇರೆಬೇರೆ ಗಾಜಿನ ಹಾಳೆಯ ಮೇಲಿದ್ದರೆ ಅವ್ವನ ಹಾಳೆಯನ್ನು ಎತ್ತಿಟ್ಟರೆ ಮುಗಿಯುತ್ತಿತ್ತು. ಹಾಳೆಗಳನ್ನು ಒಂದುಮಾಡಬೇಡಿ ಎಂದು ಮಂಜುಳ ಪ್ರತಿ ಪಾಠದಲ್ಲೂ ಹೇಳಿದ್ದಳು. ಆದರೆ ಇಷ್ಟು ವರ್ಷ ದೂರವಿದ್ದವರನ್ನು ಒಂದುಮಾಡಿದ ಸಂತೋಷದಲ್ಲಿ ನಾನು ಹಾಳೆಗಳನ್ನೂ ಒಂದುಮಾಡಿ ಕೂತಿದ್ದೆ. ಮಂಜುಳನಿಗೆ ಫೋನು ಮಾಡಿದರೆ ಅವಳ ಮನೆಯಲ್ಲೂ ಹಿರಿಯರ ಹಬ್ಬ, ಯಾರೂ ಎತ್ತಲಿಲ್ಲ. ಕಂಪ್ಯೂಟರಿನ ರಬ್ಬರನ್ನು ಹಿಡಿದು ನನ್ನ ಅವ್ವನನ್ನು ನಾನೇ ಅಳಿಸತೊಡಗಿದೆ. ಮೊದಲು ಸೀರೆಯ ಅಂಚು, ಆಮೇಲೆ ಭುಜ, ತುರುಬು. ಹಣೆಯ ಹತ್ತಿರ ಬಂದಾಗ ಆ ಕುಂಕುಮದ ಸುತ್ತಲೂ ಸುತ್ತಿ ಸುತ್ತಿ, ಕಟ್ಟಕಡೆಗೆ ಅದನ್ನೂ ಒರೆಸಿದೆ. ಬಾಗಿಲಲ್ಲಿ ನಿಂತು ಸರೋಜ ನೋಡುತ್ತಿದ್ದಳು. ಅವಳು ಗಾದೆ ಹೇಳಲಿಲ್ಲ.

ಅಳಿಸಿದ ಮೇಲೆ ಹಿಂದಿನ ನೀಲಿ ಗೋಡೆ ಕಾಣುತ್ತದೆ ಎಂದುಕೊಂಡಿದ್ದೆ. ಗೋಡೆಯೂ ಅವಳ ಜೊತೆಗೇ ಹೋಗಿತ್ತು. ಅಪ್ಪನ ಪಕ್ಕದಲ್ಲಿ ಬೆಳ್ಳಗೆ, ತಲೆ, ತುರುಬು, ಸೆರಗಿನ ಇಳಿಜಾರಿನ ಸಮೇತ ಅವ್ವನ ಆಕಾರದ ಒಂದು ಖಾಲಿ ಉಳಿಯಿತು. ತುಂಬಿಸಲು ನೋಡಿದೆ, ಅಪ್ಪನಿಗೆ ಆ ಕಡೆ ಭುಜವೇ ಇಲ್ಲ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಾಗೆಯೇ ಪ್ರಿಂಟು ತೆಗೆಸಿ ತಂದು ಎಡೆ ಮುಂದಿಟ್ಟೆ. ಅಕ್ಕ ಕಣ್ಣೊರೆಸಿಕೊಂಡು ಹಾರ ಹಾಕಿದಳು. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಕಾರ್ಡಿನ ಮಾತನ್ನೇ ಎತ್ತದೆ, ಫೋಟೊದ ಮುಂದೆ ಬಗ್ಗಿ ನಿಂತಳು.

"ಅಳಿಸ್ಬಿಟ್ಯಾ ನನ್ನ?"

"ಹೂಂ ಅವ್ವಾ. ಜಾಗ ತುಂಬ್ಸೋಕೆ ಬರ್ಲಿಲ್ಲ. ತಪ್ಪಾಯ್ತು."

ಅವ್ವ ಇನ್ನೂ ಸ್ವಲ್ಪ ಬಗ್ಗಿ, ಆ ಬಿಳಿಯ ಜಾಗದ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಆಮೇಲೆ ನಕ್ಕಳು. ಸುಮ್ಮನೆ ಸಮಾಧಾನಕ್ಕೆ ನಕ್ಕಿದ್ದಲ್ಲ, ಚೆನ್ನಾಗಿಯೇ ನಕ್ಕಳು. "ತುಂಬ್ಸಬ್ಯಾಡ ಬಿಡು. ಕಡೂರು ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದಂಗೆ ಆಯ್ತು. ನಾನ್ ಬಂದಾಗ ಕೂತ್ಕೋತೀನಿ. ಬೇರೆ ಯಾವಳನ್ನೂ ಕೂರ್ಸಬ್ಯಾಡ ಅಷ್ಟೇ." ಅಕ್ಕ "ಅವ್ವಾ, ಒಳ್ಳೇದ್ ಮಾತಾಡು" ಎಂದು ಗದರಿದಳು. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಕಡೆ ತಿರುಗಿ, "ಅಷ್ಟರೊಳಗೆ ಸರಿಯಾಗಿ ಕಲ್ತ್ಕೋ ಕಣೋ. ಆವಾಗ್ಲೂ ಹಿಂಗೇ ಗೀಚಿಟ್ರೆ ನಾನ್ ಸುಮ್ನಿರಲ್ಲ" ಎಂದು ಹೇಳಿ ವಡೆಗಳು ಸೀಯುತ್ತಿವೆ ಎಂದು ಒಳಗೆ ಹೋದಳು.

ಹಬ್ಬ ಮುಗಿದು ಮೂರು ವಾರವಾಯಿತು. ನಾನು ತರೀಕೆರೆಯ ಕಡೆ ತಲೆಹಾಕಿಲ್ಲ. ಮಂಜುಳ ಎರಡು ಸಲ ಫೋನು ಮಾಡಿ, "ಯಾಕ್ ಸರ್, ಬೇಜಾರಾಯ್ತಾ? ಇನ್ನು ಎರಡೇ ಪಾಠ, ಹಾಳಾಗಿರೋದನ್ನ ತುಂಬ್ಸೋದು ಹೇಗೆ ಅಂತ ಹೇಳ್ಕೊಡ್ತೀನಿ ಬನ್ನಿ" ಎಂದಳು. ಬೆನ್ನುನೋವು ಎಂದೆ. ಸರೋಜ ನಾನು ಸೋತು ಕೂತಿದ್ದೇನೆ ಎಂದು ತಿಳಿದಿದ್ದಾಳೆ, ತಿಳಿದುಕೊಳ್ಳಲಿ. ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಜಗಲಿಗೆ ಬರುವ ಅವ್ವ, "ಇವತ್ತೂ ಹೋಗಲ್ವೇನೋ? ಕಲ್ತಾಯ್ತಾ?" ಎಂದು ಕೇಳುತ್ತಾಳೆ. "ಇಲ್ಲವ್ವಾ, ಇನ್ನೂ ಬರ್ತಿಲ್ಲ" ಎನ್ನುತ್ತೇನೆ. "ದಡ್ಡ ಕಣೋ ನೀನು. ಯಾವಾಗ್ ಕಲೀತೀಯೋ ಏನೋ" ಎಂದು ಬೈದು, ಕಾಫಿ ಕುಡಿದು, ಹೂ ಬಿಡಿಸಲು ಹೋಗುತ್ತಾಳೆ. ಮೇಷ್ಟ್ರಾಗಿ ದಡ್ಡ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ, ಸೋಮಾರಿಗಳನ್ನೂ ನೋಡಿದ್ದೇನೆ. ಆದರೆ ದಿನಾ ಬೆಳಗಾದರೆ, ದೇವರೇ ಈ ವಿದ್ಯೆ ನನಗೆ ಬಾರದೇ ಇರಲಿ ಎಂದು ಬೇಡಿಕೊಳ್ಳುವ ವಿದ್ಯಾರ್ಥಿಯನ್ನು ನೋಡುತ್ತಿರುವುದು ಇದೇ ಮೊದಲು, ಅದೂ ಕನ್ನಡಿಯಲ್ಲಿ.